ಹಳೆಯ ಪದ್ಮಿನಿಗೆ ಹೊಸ ಸೀಟ್ ಬೆಲ್ಟ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು 1982ರ ಪ್ರೀಮಿಯರ್ ಪದ್ಮಿನಿ. ಮುಂದೆ ಬೆಂಚ್ ಸೀಟು, ಸ್ಟೀರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಪ್ಪ ಕೊಂಡ ಕಾರು. ಈಗಲೂ ವಾರಕ್ಕೊಮ್ಮೆ ಮೈಸೂರಿನೊಳಗೆ ಓಡಾಡುತ್ತದೆ, ಆಗಾಗ ಬೆಂಗಳೂರಿಗೋ ಹಾಸನಕ್ಕೋ ಮಂಗಳೂರಿಗೋ ಹೋಗಿಬರುತ್ತದೆ. ಇದಕ್ಕೆ ಹಾಕಿಸಿದ ಇನರ್ಷಿಯಾ ರೀಲ್ ಸೀಟ್ ಬೆಲ್ಟುಗಳ ಬಗ್ಗೆ, ಅಂದರೆ ಪಟ್ಟಿ ತಾನಾಗಿ ರೀಲಿಗೆ ಸುತ್ತಿಕೊಂಡು, ಜೋರಾಗಿ ಬ್ರೇಕ್ ಹಾಕಿದಾಗ ಹಿಡಿದುಕೊಳ್ಳುವ ಬೆಲ್ಟುಗಳ ಬಗ್ಗೆ ಬರೆಯುತ್ತಿದ್ದೇನೆ. ಹಾಕಿಸಿ ಮೂರು ವರ್ಷ ದಾಟಿದೆ. ಹಳೆಯ ಕಾರಿಗೆ ನಾವು ಮಾಡಿಸಿದ ಕೆಲಸಗಳಲ್ಲೆಲ್ಲ ಇದಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ. ಆದರೆ ಬೆಲ್ಟು ಯಾವುದು ಅನ್ನುವುದಕ್ಕಿಂತ ಅದನ್ನು ಕಾರಿನ ಯಾವ ಜಾಗಕ್ಕೆ, ಹೇಗೆ ಬಿಗಿದಿದ್ದಾರೆ ಅನ್ನುವುದರಲ್ಲೇ ಎಲ್ಲವೂ ಇದೆ. ಹಾಗಾಗಿ ವಿಮರ್ಶೆಯ ಹೆಚ್ಚಿನ ಭಾಗ ಆ ಕೆಲಸದ ಬಗ್ಗೆಯೇ.

ನಮ್ಮ ಕಾರಿನಲ್ಲಿ ಬೆಲ್ಟು ಇರಲೇ ಇಲ್ಲ ಎಂದಲ್ಲ. ತೊಂಬತ್ತರ ದಶಕದಲ್ಲಿ, ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯ ಎಂಬ ನಿಯಮ ಹೊಸ ಕಾರುಗಳಿಗೆ ಬಂದ ಮೇಲೆ, ಒಂದು ಗ್ಯಾರೇಜಿನವರು ಸ್ಟ್ಯಾಟಿಕ್ ಬೆಲ್ಟು ಹಾಕಿಕೊಟ್ಟಿದ್ದರು. ಅದರಲ್ಲಿ ರೀಲ್ ಇಲ್ಲ, ಪಟ್ಟಿಯ ಉದ್ದವನ್ನು ಕೈಯಲ್ಲೇ ಹೊಂದಿಸಬೇಕು. ಅಪ್ಪನ ಅಳತೆಗೆ ಬಿಗಿ ಮಾಡಿದರೆ ನನಗೆ ಉಸಿರು ಕಟ್ಟುತ್ತದೆ, ನನ್ನ ಅಳತೆಗೆ ಬಿಟ್ಟರೆ ಅಮ್ಮನಿಗೆ ಜೋಲಾಡುತ್ತದೆ. ಸರಿಯಾಗಿ ಬಿಗಿದುಕೊಂಡರೆ ಡ್ಯಾಶ್‌ಬೋರ್ಡಿನ ಚೋಕ್ ಕೈಗೆ ಸಿಗುವುದಿಲ್ಲ. ಹೀಗಾಗಿ ಎಲ್ಲರೂ ಸಡಿಲವಾಗಿಯೇ ಹಾಕಿಕೊಳ್ಳುತ್ತಿದ್ದರು. ಸಡಿಲವಾದ ಬೆಲ್ಟು ಕಟ್ಟಿಕೊಂಡ ಮನುಷ್ಯ ಮೊದಲು ಮುಂದಕ್ಕೆ ಹಾರುತ್ತಾನೆ, ಆಮೇಲೆ ಬೆಲ್ಟು ಹಿಡಿಯುತ್ತದೆ. ಪದ್ಮಿನಿಯಲ್ಲಿ ಅಷ್ಟು ಹೊತ್ತಿಗೆ ಎದೆ ಸ್ಟೀರಿಂಗಿಗೆ, ತಲೆ ಗಾಜಿಗೆ ತಲುಪಿರುತ್ತದೆ. ಏರ್‌ಬ್ಯಾಗ್ ಇಲ್ಲ, ಡ್ಯಾಶ್‌ಬೋರ್ಡು ಬರೀ ತಗಡು, ಎದುರಿಂದ ಗುದ್ದಿದರೆ ಮಡಚಿಕೊಂಡು ಪೆಟ್ಟು ತಿನ್ನುವಂಥ ಮುಂಭಾಗವೂ ಅಲ್ಲ. ಈ ಕಾರಿನಲ್ಲಿ ಒಳಗಿದ್ದವರನ್ನು ಕಾಯುವ ಸಾಧನ ಎಂದರೆ ಬೆಲ್ಟು ಒಂದೇ.

ಹಳೆಯ ಬೆಲ್ಟು ಬಿಚ್ಚಿಸಲು ಕಾರ್ಪೆಟ್ ಎತ್ತಿದಾಗ ಕಂಡದ್ದನ್ನು ಹಳೆಯ ಕಾರು ಇರುವ ಪ್ರತಿಯೊಬ್ಬರೂ ತಮ್ಮ ಕಾರಿನಲ್ಲೂ ಒಮ್ಮೆ ನೋಡಿಕೊಳ್ಳಬೇಕು. ನೆಲದ ತಗಡಿಗೆ ತೂತು ಕೊರೆದು, ಅಂಗಡಿಯ ಸಾದಾ ಬೋಲ್ಟು ತೂರಿಸಿ, ಕೆಳಗೆ ರೂಪಾಯಿ ನಾಣ್ಯದಷ್ಟು ವಾಷರ್ ಇಟ್ಟು ನಟ್ಟು ಬಿಗಿದಿದ್ದರು. ಸುತ್ತ ತುಕ್ಕು ಹಿಡಿದು ತಗಡು ಹಪ್ಪಳವಾಗಿತ್ತು. ಯುರೋಪಿನಲ್ಲಿ ಪಾಲಿಸುವ ಆರ್14 ನಿಯಮದ ಪ್ರಕಾರ ಬೆಲ್ಟ್ ಬಿಗಿಯುವ ಜಾಗಗಳನ್ನು ಪರೀಕ್ಷಿಸುವಾಗ ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡನ್ನೂ ತಲಾ ಸುಮಾರು 1,350 ಕೆ.ಜಿ. ಭಾರದಷ್ಟು ಬಲದಿಂದ ಎಳೆಯುತ್ತಾರೆ. ಆ ಲೆಕ್ಕ ತಿಳಿದ ಮೇಲೆ ನಾಣ್ಯದಗಲದ ವಾಷರ್ ನೋಡಿದರೆ ಎದೆ ಝಲ್ಲೆನ್ನುತ್ತದೆ. ಇಷ್ಟು ವರ್ಷ ನಾವು ಬೆಲ್ಟು ಇದೆ ಎಂದು ನಂಬಿಕೊಂಡು ಓಡಾಡಿದ್ದು ಇದರ ಮೇಲೆ.

ನಾನು ಕೊಂಡದ್ದು ಯಾವ ಕಾರಿಗೂ ಹೊಂದುವಂಥ ಮೂರು ಬಿಂದುವಿನ ಕಿಟ್, ಅಂದರೆ ಎದೆ, ಸೊಂಟ ಎರಡಕ್ಕೂ ಪಟ್ಟಿಯಿದ್ದು ಕಾರಿಗೆ ಮೂರು ಕಡೆ ಬಿಗಿಯುವಂಥದ್ದು. ಪಟ್ಟಿಯ ತುದಿಯ ಲೇಬಲ್ಲಿನಲ್ಲಿ ವೃತ್ತದೊಳಗೆ ಇ ಅಕ್ಷರದ ಗುರುತು, ಸೀಟ್ ಬೆಲ್ಟುಗಳಿಗೆಂದೇ ಇರುವ ಆರ್16 ನಿಯಮದ ಮಾನ್ಯತೆಯ ಸಂಖ್ಯೆ ಇತ್ತು. ಲೇಬಲ್ಲೇ ಇಲ್ಲದ ಬೆಲ್ಟುಗಳು ಇದರ ಕಾಲುಭಾಗದ ಬೆಲೆಗೆ ಸಿಗುತ್ತವೆ, ಅವುಗಳನ್ನು ಮುಟ್ಟಬೇಡಿ. ಗುಜರಿಯಿಂದ ಮಾರುತಿ 800ರ ಬೆಲ್ಟು ತಂದು ಹಾಕಿ ಎಂದು ಹೇಳಿದವರು ಬಹಳ ಜನ. ನಾನು ಒಪ್ಪಲಿಲ್ಲ. ಅಪಘಾತದಲ್ಲಿ ಒಮ್ಮೆ ಎಳೆತ ತಿಂದ ಪಟ್ಟಿಯ ನೂಲು ಹಿಗ್ಗಿರುತ್ತದೆ, ಅದು ಮತ್ತೊಂದು ಅಪಘಾತಕ್ಕೆ ಅಲ್ಲ, ಮತ್ತು ಗುಜರಿಗೆ ಬಂದ ಕಾರು ಹೇಗೆ ಬಂತೆಂದು ಯಾರು ಹೇಳಬೇಕು? ಇತ್ತೀಚಿನ ಕಾರುಗಳ ಪ್ರಿಟೆನ್ಷನರ್ ಬೆಲ್ಟುಗಳು, ಅಂದರೆ ಗುದ್ದಿದ ಕ್ಷಣವೇ ಪಟ್ಟಿಯನ್ನು ತಾವೇ ಬಿಗಿಯುವಂಥವು, ಅಂತೂ ಬೇಡವೇ ಬೇಡ. ಅವುಗಳೊಳಗೆ ಸಣ್ಣ ಸ್ಫೋಟಕದ ಮದ್ದು ಇರುತ್ತದೆ, ಅದಕ್ಕೆ ಸೂಚನೆ ಕೊಡುವ ಕಂಪ್ಯೂಟರ್ ನಮ್ಮ ಕಾರಿನಲ್ಲಿ ಇಲ್ಲ.

ಮೂರು ಬಿಂದುವಿನ ಬೆಲ್ಟನ್ನು ಈಗಿನ ರೂಪಕ್ಕೆ ತಂದವರು ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್, 1959ರಲ್ಲಿ. ಪೇಟೆಂಟ್ ತಮ್ಮ ಕೈಯಲ್ಲಿದ್ದರೂ ವೋಲ್ವೋದವರು ಬೇರೆ ಕಂಪನಿಗಳು ಬಳಸಲು ಬಿಟ್ಟರು. ನಮ್ಮ ಪದ್ಮಿನಿಯ ಮೂಲವಾದ ಫಿಯೆಟ್ 1100 ಡಿಲೈಟ್ ಮುಂಬೈಯ ಕುರ್ಲಾದಲ್ಲಿ ತಯಾರಾಗತೊಡಗಿದ್ದು 1964ರಲ್ಲಿ. ಆ ಹೊತ್ತಿಗೇ ಈ ಬೆಲ್ಟು ಜಗತ್ತಿನಲ್ಲಿತ್ತು. ನಮ್ಮ ರಸ್ತೆಗೆ ಬರಲು ಅಷ್ಟು ತಡವಾದದ್ದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಕೆಲಸಕ್ಕೆ ಬರೋಣ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಎಲ್ಲಿ ತಗಡು ಎರಡು ಮೂರು ಪದರ ಸೇರುತ್ತದೋ ಅಲ್ಲಿಯೇ ಬೆಲ್ಟು ಕೂರಬೇಕು. ನಮ್ಮ ಟಿಂಕರಿಂಗ್ ಮೇಸ್ತ್ರಿ ಹಳೆಯ ಫಿಯೆಟ್‌ಗಳನ್ನೇ ಹೆಚ್ಚು ಮಾಡಿದವರು. ಮೊದಲ ದಿನ ಅವರು ಬೆಲ್ಟಿನ ಡಬ್ಬವನ್ನೇ ತೆಗೆಯಲಿಲ್ಲ. ಸುತ್ತಿಗೆಯ ಹಿಡಿಯಿಂದ ನೆಲ, ಹೊಸ್ತಿಲು, ಎರಡು ಬಾಗಿಲುಗಳ ನಡುವಿನ ಪಿಲ್ಲರ್ ಎಲ್ಲ ತಟ್ಟಿ ನೋಡಿ, "ಸಾರ್, ಮೊದ್ಲು ತುಕ್ಕು ಕತ್ತರ್ಸಿ ಹೊಸ ತಗಡು ಹಾಕ್ಬೇಕು. ಇಲ್ದಿದ್ರೆ ಈ ಕೆಲಸ ನನ್ ಕೈಲಿ ಬೇಡ" ಅಂದರು. ಬೆಲ್ಟಿಗಿಂತ ಈ ತಗಡಿನ ಕೆಲಸಕ್ಕೇ ಹೆಚ್ಚು ಹಣ ಹೋಯಿತು. ಹೋಗಬೇಕಾದದ್ದೂ ಅಲ್ಲಿಗೇ.

ಪ್ರತಿ ಬೋಲ್ಟಿಗೂ ನೆಲದ ಕೆಳಗಡೆಯಿಂದ ಅಂಗೈಯಗಲದ, 3 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು. ಮೂಲೆಗಳನ್ನು ದುಂಡಗೆ ಉಜ್ಜಿದ್ದಾರೆ, ಚೂಪಾಗಿದ್ದರೆ ಎಳೆತದಲ್ಲಿ ಅದೇ ತಗಡನ್ನು ಸೀಳುತ್ತದೆ. ಪಿಲ್ಲರ್ ಒಳಗೆ ಟೊಳ್ಳು. ಅಲ್ಲಿ ನಟ್ಟು ಕೂರಿಸಿದ ಪ್ಲೇಟನ್ನು ಒಳಗಿಳಿಸಿ ಅಂಚಿಗೆ ವೆಲ್ಡ್ ಮಾಡಿದರು. ಬೋಲ್ಟಿಗೆ ಮಾತ್ರ ವೆಲ್ಡಿಂಗ್ ಬಿಸಿ ತಾಗಲು ಬಿಡಲಿಲ್ಲ, ಗಟ್ಟಿ ಉಕ್ಕಿನ ಬೋಲ್ಟು ಕಾಯ್ದರೆ ಅದರ ಬಲ ಹೋಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ಸೀಟ್ ಬೆಲ್ಟಿನ ಬೋಲ್ಟು 7/16 ಇಂಚಿನದು, ಇಂಚಿಗೆ 20 ಥ್ರೆಡ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 10 ಅಥವಾ 12 ಮಿ.ಮೀ. ಬೋಲ್ಟು ಇದರ ಬದಲಿಗೆ ಆಗುವುದಿಲ್ಲ. ಕಿಟ್ಟಿನೊಳಗೆ ಬಂದದ್ದನ್ನೇ ಬಳಸಿ, ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಎಂದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಸಿ.

ಎತ್ತರದ ವಿಷಯದಲ್ಲಿ ನಾನು ಹಟ ಹಿಡಿದೆ. ಪಿಲ್ಲರಿನ ಮೇಲಿನ ಬಿಂದು ಕೂತವರ ಭುಜದಷ್ಟು ಎತ್ತರಕ್ಕೋ ಅದಕ್ಕಿಂತ ಮೇಲಕ್ಕೋ ಇರಬೇಕು. ಕೆಳಗಿದ್ದರೆ ಗುದ್ದಿದಾಗ ಪಟ್ಟಿ ಭುಜವನ್ನು ಕೆಳಕ್ಕೆಳೆದು ಬೆನ್ನುಮೂಳೆಯನ್ನು ಅದುಮುತ್ತದೆ. ಹಾಗೆಯೇ ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಯ ಸಂದಿಯಲ್ಲಿ, ಸೊಂಟದ ಎಲುಬಿಗೆ ತಾಗಿ ಕೂರಬೇಕು. ಬೆಂಚ್ ಸೀಟಿನಲ್ಲಿ ಬಕಲ್ ಎಲ್ಲಿಂದ ಮೇಲೆ ಬರಬೇಕು ಅನ್ನುವುದೇ ತೊಡಕು. ಕುಶನ್ ಮತ್ತು ಒರಗುವ ಬೆನ್ನಿನ ನಡುವಿನ ಸಂದಿಯಿಂದ, ಬಾಗದ ಗಟ್ಟಿ ಕಡ್ಡಿಯ ಮೇಲೆ ತಂದಿದ್ದೇವೆ. ಕೂತವರು ಬಗ್ಗಿ ಹುಡುಕದೆ ಒಂದೇ ಕೈಯಲ್ಲಿ ಸಿಕ್ಕಿಸಬಹುದು. ಮುಂದೆ ಮೂರನೆಯವರು ಕೂರುವ ಹಳೆಯ ಪದ್ಧತಿ ಅಲ್ಲಿಗೆ ನಿಂತಿತು. ಅಪ್ಪನಿಗೆ ಸ್ವಲ್ಪ ಬೇಸರವಾಯಿತು, ಆದರೆ ಬೆಲ್ಟಿಲ್ಲದವರನ್ನು ಅಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ.

ಮೊದಲ ಕೆಲವು ವಾರ ಒಂದು ತಕರಾರು ಕಾಡಿತು. ಎಡಗಡೆಯ ಬೆಲ್ಟು ಸುಮ್ಮನೆ ನಿಂತ ಕಾರಿನಲ್ಲೇ ಲಾಕ್ ಆಗುತ್ತಿತ್ತು, ಎಳೆದರೂ ಬರುತ್ತಿರಲಿಲ್ಲ. ರೀಲಿನೊಳಗೆ ಒಂದು ಪುಟ್ಟ ಗುಂಡು ಇರುತ್ತದೆ. ಕಾರು ಜೋರಾಗಿ ನಿಧಾನಿಸಿದಾಗ ಅಥವಾ ವಾಲಿದಾಗ ಆ ಗುಂಡು ಸರಿದು ರೀಲನ್ನು ಹಿಡಿಯುತ್ತದೆ. ಪಟ್ಟಿಯನ್ನು ಫಕ್ಕನೆ ಎಳೆದರೆ ಹಿಡಿಯುವ ವ್ಯವಸ್ಥೆ ಬೇರೆಯೇ ಇದೆ. ರೀಲ್ ನೆಟ್ಟಗೆ ಕೂರದಿದ್ದರೆ ಗುಂಡು ಯಾವಾಗಲೂ ಸರಿದೇ ಇರುತ್ತದೆ. ನಮ್ಮ ಪಿಲ್ಲರಿನ ಬುಡ ಇಳಿಜಾರು. ಕಿಟ್ಟಿನ ರೀಲಿನಲ್ಲಿ ಕೋನ ಹೊಂದಿಸುವ ಸೌಲಭ್ಯ ಇದ್ದದ್ದರಿಂದ ಮೇಸ್ತ್ರಿ ಬಿಚ್ಚಿ, ಮಟ್ಟ ನೋಡಿ ಮತ್ತೆ ಕೂರಿಸಿದರು, ಸರಿಹೋಯಿತು. ಕೊಳ್ಳುವಾಗ ಈ ಸೌಲಭ್ಯ ಇದೆಯೇ ಎಂದು ಕೇಳಲೇಬೇಕು. ಈಗ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಲಾರಿಗಳ ಹಿಂದೆ ನಿಂತಾಗ ಒಮ್ಮೊಮ್ಮೆ ಹಿಡಿಯುತ್ತದೆ. ಅದು ದೋಷವಲ್ಲ, ಅದರ ಕೆಲಸವೇ ಅದು.

ಅದು ನಿಜವಾಗಿ ಕೆಲಸ ಮಾಡಿದ್ದನ್ನು ಕಂಡದ್ದು ಶ್ರೀರಂಗಪಟ್ಟಣದ ಬಳಿ. ಮುಂದಿನ ಟೆಂಪೊ ತಿರುವಿನ ಸೂಚನೆಯಿಲ್ಲದೆ ನಿಂತಿತು, ನಾನು ಬ್ರೇಕ್ ಪೆಡಲ್ ಮೇಲೆ ನಿಂತುಬಿಟ್ಟೆ. ಡ್ರಮ್ ಬ್ರೇಕು ತನ್ನ ಕೈಲಾದಷ್ಟು ಹಿಡಿಯಿತು. ಪಕ್ಕದಲ್ಲಿದ್ದ ಅಮ್ಮ ಇದ್ದ ಜಾಗದಲ್ಲೇ ಉಳಿದರು, ಡ್ಯಾಶ್‌ಬೋರ್ಡಿಗೆ ಕೈ ಊರುವ ಪ್ರಮೇಯವೂ ಬರಲಿಲ್ಲ. "ಇನ್ಮೇಲೆ ನಿಮ್ಮಪ್ಪನಿಗೂ ಹಾಕ್ಕೊಂಡೇ ಕೂರೋಕೆ ಹೇಳು" ಎಂದದ್ದು ಅವರೇ.

ಮೂರು ವರ್ಷದಲ್ಲಿ ಬಾಳಿಕೆ ಹೇಗಿದೆ ಎಂದರೆ, ಬಕಲ್ ಹೊಸದರಂತೆಯೇ ಇದೆ. ರೀಲ್ ಎಳೆದುಕೊಳ್ಳುವ ವೇಗ ಮಾತ್ರ ಬೇಸಿಗೆಯ ಧೂಳಿಗೆ ಮಂದವಾಗುತ್ತದೆ. ಪಿಲ್ಲರಿನ ಮೇಲಿನ ಬಳೆಯಲ್ಲಿ ಬೆವರು, ಧೂಳು ಸೇರಿ ಜಿಡ್ಡು ಕಟ್ಟುವುದೇ ಕಾರಣ. ಪಟ್ಟಿಯನ್ನು ಪೂರ್ತಿ ಎಳೆದು, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಒಳಕ್ಕೆ ಬಿಟ್ಟರೆ ಸರಿಹೋಗುತ್ತದೆ. ಬ್ಲೀಚು, ಪೆಟ್ರೋಲು ತಾಗಿಸಬಾರದು. ಮಳೆಗಾಲದಲ್ಲಿ ಹೊರಗೆ ನಿಲ್ಲುವ ಕಾರಾದರೆ ಪಟ್ಟಿಗೆ ಬೂಷ್ಟು ಬರುತ್ತದೆ, ನಮ್ಮದು ಶೆಡ್ಡಿನಲ್ಲಿರುವುದರಿಂದ ಆ ಕಾಟ ಕಡಿಮೆ. ರೀಲ್ ಪಿಲ್ಲರಿನ ಬುಡದಲ್ಲಿ ಕೂತಿರುವುದರಿಂದ ಹಿಂದೆ ಹತ್ತುವವರ ಕಾಲಿಗೆ ತಾಗುತ್ತದೆ. ಇದೊಂದು ಕಿರಿಕಿರಿ ಹೋಗಿಲ್ಲ, ಹೋಗುವ ದಾರಿಯೂ ಕಾಣುತ್ತಿಲ್ಲ.

ಮೂಲರೂಪ ಕೆಡಿಸಿದಿರಿ ಎಂದು ಹಳೆಯ ಕಾರಿನ ಗೆಳೆಯರು ಆಕ್ಷೇಪಿಸಿದ್ದಾರೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ 2021ರ ನಿಯಮ ಮೂಲರೂಪವನ್ನು ಕೇಳುತ್ತದೆ, ಆದ್ದರಿಂದ ಆ ವಯಸ್ಸಿನ ಕಾರು ಇರುವವರು ತೂತು ಕೊರೆಯುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ನಮ್ಮದು ಪ್ರದರ್ಶನದ ಕಾರಲ್ಲ, ಮನೆಮಂದಿ ಕೂತು ಹೋಗುವ ಕಾರು. ಕಪ್ಪು ಪಟ್ಟಿ ಆ ಒಳಾಂಗಣಕ್ಕೆ ಕಣ್ಣಿಗೆ ಹೊಡೆಯುತ್ತದೆ ಎಂದು ಬೂದು ಬಣ್ಣದ್ದನ್ನು ಆರಿಸಿದೆವು, ಅಷ್ಟು ಸಾಕು.

ಹಿಂದಿನ ಸೀಟಿಗೆ ಮೊದಲು ಬರೀ ಸೊಂಟದ ಪಟ್ಟಿ ಹಾಕಿಸಿದ್ದೆವು. ಮಗಳಿಗೆ ಬೂಸ್ಟರ್ ಸೀಟು (ಬೆಲ್ಟು ಸರಿಯಾಗಿ ಕೂರುವಂತೆ ಮಕ್ಕಳನ್ನು ಎತ್ತರಿಸುವ ಸೀಟು) ತಂದಾಗ ಅದಕ್ಕೆ ಎದೆಯ ಪಟ್ಟಿ ಬೇಕೇ ಬೇಕು ಎಂದು ಅದರ ಕೈಪಿಡಿಯಲ್ಲಿತ್ತು. ಹಾಗಾಗಿ ಎರಡನೇ ವರ್ಷ ಅಲ್ಲಿಗೂ ಮೂರು ಬಿಂದುವಿನ ಬೆಲ್ಟೇ ಬಂತು. ಡಿಕ್ಕಿಯ ಮೇಲಿನ ಟ್ರೇ ತೆಳು ತಗಡು, ಅದಕ್ಕೆ ರೀಲ್ ಬಿಗಿಯಲು ಮೇಸ್ತ್ರಿ ಒಪ್ಪದೆ, ಚಕ್ರದ ಕಮಾನಿನ ಮೇಲೆ ತಗಡು ಎರಡು ಪದರ ಸೇರುವಲ್ಲಿ ಪ್ಲೇಟು ಹಾಕಿ ಕೂರಿಸಿದರು. ಈಗ ಹಿಂದೆ ಕಿಟಕಿಯ ಪಕ್ಕ ಎರಡು ಬೆಲ್ಟು, ಮಧ್ಯದಲ್ಲಿ ಯಾರೂ ಇಲ್ಲ. ಐದಾರು ಜನ ತುಂಬಿಕೊಂಡು ಹೋಗುತ್ತಿದ್ದ ಕಾರಿನಲ್ಲಿ ನಾಲ್ಕೇ ಜನ. ದೀಪಾವಳಿಗೆ ಊರಿಗೆ ಹೋಗುವಾಗ ಉಳಿದವರು ಬಸ್ಸಿಗೆ ಬರುತ್ತಾರೆ, ಮೊದಮೊದಲು ಇದ್ದ ಗೊಣಗಾಟ ಈಗ ಇಲ್ಲ.