ಬದಿಯಡ್ಕ ಹತ್ತಿರದ ಹ್ಯಾಂಡ್‌ಬಾಲ್ ಕ್ಯಾಂಪ್: ಕಲಿಸುದು ಲಾಯ್ಕುಂಟು, ಬಾಲ್ ಮಾತ್ರ ನೀವೇ ತಗೊಳ್ಳಿ

ಈ ರಜೆಯಲ್ಲಿ ಮಗಳನ್ನು (11 ವರ್ಷ) ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ಒಂದು ಹ್ಯಾಂಡ್‌ಬಾಲ್ ಕ್ಯಾಂಪಿಗೆ ಹಾಕಿದ್ದೆ, 15 ದಿನ, ಬೆಳಿಗ್ಗೆ ಎರಡು ಗಂಟೆ. ನಮ್ಮಲ್ಲಿ ಕಬಡ್ಡಿ ಅಂದ್ರೆ ಎಲ್ಲರಿಗೂ ಗೊತ್ತು, ಹ್ಯಾಂಡ್‌ಬಾಲ್ (ಕೈಯಲ್ಲಿ ಬಾಲ್ ಪಾಸ್ ಮಾಡಿ ಗೋಲಿಗೆ ಎಸೆಯುವ ಆಟ) ಅಂದ್ರೆ ಎಂತ ಅಂತ ಕೇಳ್ತಾರೆ, ಹಾಗೆ ಮುಂದಿನ ವರ್ಷ ಸೇರಿಸುವವರಿಗೆ ಉಪಯೋಗ ಆಗ್ಲಿ ಅಂತ ಬರೀತಿದ್ದೇನೆ.

ಸುರುವಿನ ನಾಲ್ಕು ದಿನ ಡ್ರಿಬ್ಲಿಂಗೇ ಇಲ್ಲ. ಬಾಲ್ ಸಿಕ್ಕಿದ ಕೂಡ್ಲೆ ನೆಲಕ್ಕೆ ಬಡಿಯುದು ಮಕ್ಕಳ ಅಭ್ಯಾಸ, ಕೋಚ್ ಬಿಡ್ಲೇ ಇಲ್ಲ. ಬಾಲ್ ಹಿಡ್ಕೊಂಡು ಮೂರು ಸ್ಟೆಪ್, ಮೂರು ಸೆಕೆಂಡ್, ಅಷ್ಟರಲ್ಲಿ ಪಾಸ್ ಹೋಗ್ಬೇಕು, ಅವರು ಮಲಯಾಳದಲ್ಲಿ ಒನ್ನ್, ರಂಡ್, ಮೂನ್ನ್ ಅಂತ ಎಣಿಸ್ತಾರೆ, ಮೂನ್ನ್ ಅನ್ನುವಾಗ ಬಾಲ್ ಕೈಯಲ್ಲಿರ್ಲಿಕ್ಕಿಲ್ಲ. ಬಲಗೈಯವರಿಗೆ ಎಡಗಾಲು ಮುಂದೆ, ಮೊಣಕೈ ಭುಜದ ಮಟ್ಟಕ್ಕೆ, ಓಡುವವಳ ಮೈಗೆ ಅಲ್ಲ, ಅವಳ ಮುಂದಕ್ಕೆ ಎಸೀಬೇಕು. ನಂಗೆ ಎಲ್ಲಕ್ಕಿಂತ ಖುಷಿ ಆದದ್ದು ಮೂರು ಜನ ಓಡುವ ಡ್ರಿಲ್, ನಡುವಿನವಳು ಬಲಕ್ಕೆ ಪಾಸ್ ಕೊಟ್ಟು ಬಾಲ್ ತಗೊಂಡವಳ ಬೆನ್ನ ಹಿಂದಿಂದ ದಾಟುದು, ಅವಳು ಎಡದವಳಿಗೆ ಕೊಟ್ಟು ಹಾಗೇ ದಾಟುದು, ಜಡೆ ಹೆಣೆದ ಹಾಗೆ. ಮೊದಲ ದಿನ ಡಿಕ್ಕಿ ಹೊಡ್ಕೊಂಡವರೇ ಎಲ್ಲ, ವಾರದಲ್ಲಿ ಈ ತುದಿಯಿಂದ ಆ ತುದಿವರೆಗೆ ಬಾಲ್ ಕೆಳಗೆ ಬೀಳದೆ ಹೋಯ್ತು, ನಾನು ಗೇಟ್ ಹತ್ರ ನಿಂತು ಚಪ್ಪಾಳೆ ಹೊಡ್ದೆ.

ಗ್ರೌಂಡಲ್ಲಿ ಮುರಕಲ್ಲಿನ ಹರಳು, ಡ್ರಿಬಲ್ ಮಾಡಿದ್ರೆ ಬಾಲ್ ಎಲ್ಲಿಗೋ ಹಾರ್ತದೆ. ಅದಕ್ಕೆ ಪಕ್ಕದ ಮನೆಯವರ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಕೇಳಿ ತಗೊಂಡ್ರು, ಒಳ್ಳೇ ಕೆಲಸ. ಎದುರು ನಿಂತವ ಬೆರಳು ತೋರಿಸ್ತಾನೆ, ಡ್ರಿಬಲ್ ಮಾಡುವವ ತಲೆ ಎತ್ತಿ ಎಷ್ಟು ಅಂತ ಹೇಳ್ಬೇಕು, ಎಡಗೈಯಲ್ಲೂ. ಡ್ರಿಬಲ್ ನಿಲ್ಲಿಸಿ ಬಾಲ್ ಹಿಡಿದ್ರೆ ಮತ್ತೆ ಬಡಿಯುವ ಹಾಗಿಲ್ಲ, ಅದು ಮಗಳಿಗೆ ಈಗ ಮೈಗೇ ಹತ್ತಿದೆ.

ಬೇಜಾರು ಬಾಲಿಂದು. ಇದ್ದದ್ದೆಲ್ಲ ಸೈಜ್ 3, ಗಂಡಸರದ್ದು, ಸುತ್ತಳತೆ 58-60 ಸೆಂ.ಮೀ., ತೂಕ 425-475 ಗ್ರಾಂ. ಈ ಪ್ರಾಯದ ಹುಡುಗಿಯರಿಗೆ ಸೈಜ್ 1 ಬೇಕು, 50-52 ಸೆಂ.ಮೀ., 290-330 ಗ್ರಾಂ. ಬೆರಳಿಗೆ ಹಿಡಿತ ಸಿಗದ ಬಾಲಲ್ಲಿ ಭುಜದಿಂದ ಎಸೆ ಅಂದ್ರೆ ಹೇಗೆ, ಮಕ್ಕಳು ಎರಡೂ ಕೈಯಲ್ಲಿ ಎದೆಯಿಂದ ತಳ್ತಾರೆ, ತಪ್ಪು ರೂಢಿ ಆಗ್ತದೆ. ಎರಡು ಸಲ ಹೇಳಿದ ಮೇಲೆ ಒಂಬತ್ತನೇ ದಿನ ಎರಡು ಸಣ್ಣ ಬಾಲ್ ಬಂತು, ಮಕ್ಕಳು ಇಪ್ಪತ್ತರ ಮೇಲೆ.

ಕೋಚಿಂಗಿಗೆ ಐದರಲ್ಲಿ ಐದು ಕೊಡ್ತೇನೆ, ಸಾಮಾನಿಗೆ ಎರಡು. ಮುಂದಿನ ವರ್ಷವೂ ಕಳಿಸ್ತೇನೆ, ಸೈಜ್ 1 ಬಾಲ್ ಒಂದು ಬ್ಯಾಗಿಗೆ ಹಾಕಿಯೇ.