ಪರೀಕ್ಷೆ ಬರೆದು ಗಳಿಸುವ ಕ್ರೆಡಿಟ್: ಆರೋಗ್ಯ ಕ್ಷೇತ್ರದ ಪದವಿಗೆ ಯಾವ ದಾರಿ ಎಲ್ಲಿಯವರೆಗೆ

ಅಮೆರಿಕದಲ್ಲಿ ಬ್ಯಾಚುಲರ್ ಪದವಿಯೆಂದರೆ ಸಾಮಾನ್ಯವಾಗಿ 120 ಕ್ರೆಡಿಟ್‌ಗಳ, ಅಂದರೆ ಕೋರ್ಸಿನ ಗಾತ್ರವನ್ನು ಅಳೆಯುವ ಏಕಮಾನಗಳ, ಲೆಕ್ಕ. ಅವನ್ನೆಲ್ಲ ತರಗತಿಯಲ್ಲಿ ಕುಳಿತೇ ಗಳಿಸಬೇಕೆಂಬ ನಿಯಮ ಅಲ್ಲಿಲ್ಲ. ವಿಷಯ ತನಗೆ ತಿಳಿದಿದೆ ಎಂಬುದನ್ನು ಪರೀಕ್ಷೆಯಲ್ಲಿ ತೋರಿಸಿಕೊಟ್ಟವರಿಗೆ ಆ ಕೋರ್ಸಿನ ಕ್ರೆಡಿಟ್ ಕೊಡುವ ಕಾಲೇಜುಗಳು ಬಹಳಷ್ಟಿವೆ. ನಮ್ಮ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೊದಲು ದಾಖಲಾತಿ, ಆಮೇಲೆ ಪರೀಕ್ಷೆ. ಅಲ್ಲಿ ಮೊದಲು ಪರೀಕ್ಷೆಗಳನ್ನು ಬರೆದಿಟ್ಟುಕೊಂಡು, ಆಮೇಲೆ ಆ ಅಂಕಗಳನ್ನು ಒಪ್ಪುವ ಕಾಲೇಜಿಗೆ ಸೇರಬಹುದು. ಈ ಸ್ವಾತಂತ್ರ್ಯವೇ ಯೋಜನೆಯನ್ನು ಕಠಿಣಗೊಳಿಸುತ್ತದೆ, ಏಕೆಂದರೆ ಒಂದು ಕಾಲೇಜು ಒಪ್ಪಿದ್ದನ್ನು ಇನ್ನೊಂದು ಒಪ್ಪಬೇಕೆಂದಿಲ್ಲ, ಮತ್ತು ಆರೋಗ್ಯ ಕ್ಷೇತ್ರದಲ್ಲಿ ಕಾಲೇಜು ಒಪ್ಪಿದ್ದನ್ನು ಪರವಾನಗಿ ಕೊಡುವ ಮಂಡಳಿಯೋ ಮುಂದಿನ ಸ್ನಾತಕೋತ್ತರ ವಿಭಾಗವೋ ಒಪ್ಪದಿರಬಹುದು.

ನಾನು ಕರ್ನಾಟಕದಲ್ಲಿ ವಿಜ್ಞಾನದ ಪಿಯುಸಿ ಮುಗಿಸಿ, ಬಿ.ಎಸ್ಸಿ.ಯನ್ನು ಅರ್ಧಕ್ಕೆ ಬಿಟ್ಟು ನ್ಯೂಜೆರ್ಸಿಗೆ ಬಂದವಳು. ಒಂದು ಚಿಕಿತ್ಸಾಲಯದ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತ ಆರೋಗ್ಯ ಮಾಹಿತಿ ನಿರ್ವಹಣೆಯ ಪದವಿಗೆ ಸಿದ್ಧಳಾದಾಗ ಕ್ಲೆಪ್, ಡಿಎಸ್‌ಎಸ್‌ಟಿ, ಟಿಸೆಪ್ ಎಂಬ ಮೂರು ಬಗೆಯ ಪರೀಕ್ಷೆಗಳು, ಸೋಫಿಯಾ ಎಂಬ ಸಂಸ್ಥೆಯ ಆನ್‌ಲೈನ್ ಕೋರ್ಸುಗಳು ಮತ್ತು ನಮ್ಮ ಕೌಂಟಿಯ ಕಮ್ಯುನಿಟಿ ಕಾಲೇಜು, ಈ ಐದನ್ನೂ ಬಳಸಿ ನೋಡಿದ್ದೇನೆ. ಇವುಗಳಲ್ಲಿ ಯಾವುದು ಉತ್ತಮ ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಪದವಿಯ ಕೊನೆಯಲ್ಲಿ ನೀವು ಮಾಡಬೇಕೆಂದಿರುವ ಕೆಲಸಕ್ಕೆ ಪರವಾನಗಿ ಬೇಕೇ, ರೋಗಿಯ ಮೈ ಮುಟ್ಟಬೇಕೇ ಎಂಬುದನ್ನು ಮೊದಲು ನಿರ್ಧರಿಸಿದರೆ ಮಾತ್ರ ಈ ಐದರ ಬೆಲೆ ತಿಳಿಯುತ್ತದೆ.

ಹೋಲಿಕೆಗೆ ಮುನ್ನ ಊರಿನ ಅಂಕಪಟ್ಟಿಗಳ ವಿಷಯ. ಪಿಯುಸಿಯನ್ನು ಅಲ್ಲಿ ಹೈಸ್ಕೂಲಿಗೆ ಸಮವೆಂದು ಎಣಿಸುತ್ತಾರೆ; ಅದರಿಂದ ಕಾಲೇಜು ಕ್ರೆಡಿಟ್ ಬರುವುದಿಲ್ಲ. ಪದವಿ ಕಾಲೇಜಿನಲ್ಲಿ ಪಾಸಾದ ವಿಷಯಗಳಿಗೆ ಮಾತ್ರ, ಅದೂ ಡಬ್ಲ್ಯುಇಎಸ್ ಅಥವಾ ಇಸಿಇಯಂಥ ಮೌಲ್ಯಮಾಪನ ಸಂಸ್ಥೆಯಿಂದ ವಿಷಯವಾರು ವರದಿ ಮಾಡಿಸಿದ ಮೇಲೆ, ಕ್ರೆಡಿಟ್ ದೊರೆಯುತ್ತದೆ. ಪದವಿ ಅಪೂರ್ಣವಾದರೂ ಈ ವರದಿ ಮಾಡಿಸುವುದು ಮೊದಲ ಕೆಲಸ. ಊರಿನಲ್ಲಿ ಓದಿದ ರಸಾಯನಶಾಸ್ತ್ರಕ್ಕೆ ಕ್ರೆಡಿಟ್ ಸಿಗುವುದಾದರೆ ಅದೇ ವಿಷಯದ ಪರೀಕ್ಷೆಗೆ ಮತ್ತೆ ಹಣ ಕಟ್ಟುವ ಅಗತ್ಯವಿಲ್ಲ.

ಕ್ಲೆಪ್ ಪರೀಕ್ಷೆಗಳನ್ನು ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. 1967ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಈಗ 34 ವಿಷಯಗಳಿವೆ. ಹೆಚ್ಚಿನವು 90 ನಿಮಿಷದ, ಬಹು ಆಯ್ಕೆಯ ಪರೀಕ್ಷೆಗಳು. ಅಂಕ 20ರಿಂದ 80ರ ಮಾನದಲ್ಲಿ ಬರುತ್ತದೆ, 50 ಬಂದರೆ ಸಾಮಾನ್ಯವಾಗಿ ಕ್ರೆಡಿಟ್. ಶುಲ್ಕ ನೂರು ಡಾಲರಿಗೆ ತುಸು ಕಡಿಮೆ, ಅದರ ಮೇಲೆ ಪರೀಕ್ಷಾ ಕೇಂದ್ರದವರು ತಮ್ಮ ಶುಲ್ಕವನ್ನು ಬೇರೆಯಾಗಿ ಪಡೆಯುತ್ತಾರೆ. ಮಾಡರ್ನ್ ಸ್ಟೇಟ್ಸ್ ಎಂಬ ದತ್ತಿ ಸಂಸ್ಥೆಯ ಉಚಿತ ಆನ್‌ಲೈನ್ ಪಾಠ ಮುಗಿಸಿದವರಿಗೆ ಪರೀಕ್ಷಾ ಶುಲ್ಕದ ವೋಚರ್ ಸಿಗುವುದರಿಂದ, ತಾಳ್ಮೆಯುಳ್ಳವರಿಗೆ ಇದು ಹೆಚ್ಚುಕಡಿಮೆ ಖರ್ಚಿಲ್ಲದ ದಾರಿ. ಫೇಲಾದರೆ ಅದೇ ವಿಷಯವನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು.

ಕರ್ನಾಟಕದಲ್ಲಿ ಓದಿ ಬಂದವರಿಗೆ ಕ್ಲೆಪ್‌ನ ಸುಲಭ ಕಠಿಣಗಳು ಅಲ್ಲಿನವರಿಗಿಂತ ಬೇರೆ, ಮತ್ತು ಈ ಅಂಶವನ್ನು ಯಾವ ಮಾರ್ಗದರ್ಶಿ ಪುಟದಲ್ಲೂ ನಾನು ಕಾಣಲಿಲ್ಲ. ಪಿಯುಸಿಯಲ್ಲಿ ಗಣಿತ ಓದಿದವರಿಗೆ ಕಾಲೇಜ್ ಆಲ್ಜೀಬ್ರಾ ಹೊಸದೆನಿಸುವುದಿಲ್ಲ. ರಸಾಯನಶಾಸ್ತ್ರದಲ್ಲಿ ಮೋಲ್ ಲೆಕ್ಕ, ಸಮತೋಲನ, ಉಷ್ಣಬಲ ವಿಜ್ಞಾನ ಎಲ್ಲವೂ ಹಳೆಯ ಪರಿಚಯವೇ. ಅದನ್ನು ಪಾಸು ಮಾಡಿದರೆ ಒಂದೇ ಪರೀಕ್ಷೆಯಿಂದ 6 ಕ್ರೆಡಿಟ್. ಜೀವಶಾಸ್ತ್ರಕ್ಕೂ 6 ಕ್ರೆಡಿಟ್ ಇದೆ, ಆದರೆ ಅದರ ಸ್ವರೂಪ ನಮ್ಮ ಸಿಇಟಿಯಂತಿಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳಾದರೆ, ಇಲ್ಲಿ 90 ನಿಮಿಷಕ್ಕೆ ಸುಮಾರು 115. ಪಠ್ಯವೂ ಮೂರು ಸಮಭಾಗ: ಕೋಶ ಮತ್ತು ಅಣುಗಳದು ಒಂದು, ಜೀವಿಗಳ ರಚನೆ ಮತ್ತು ಕಾರ್ಯದ್ದು ಇನ್ನೊಂದು, ವಿಕಾಸ, ಪರಿಸರ, ಜೀವಿಸಮೂಹಗಳದು ಮತ್ತೊಂದು. ನಾವು ಪಿಯುಸಿಯಲ್ಲಿ ಅವಸರದಿಂದ ಮುಗಿಸುವ ಕೊನೆಯ ಅಧ್ಯಾಯಗಳೇ ಇಲ್ಲಿ ಮೂರನೆಯ ಒಂದು ಭಾಗವಾಗಿರುವುದರಿಂದ, ಓದನ್ನು ಅಲ್ಲಿಂದಲೇ ಆರಂಭಿಸುವುದು ಲೇಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಅಮೆರಿಕದ ಸರಕಾರ ಮತ್ತು ಅಮೆರಿಕದ ಇತಿಹಾಸದ ಪರೀಕ್ಷೆಗಳು ಇದಕ್ಕೆ ವಿರುದ್ಧ. ಅಲ್ಲಿನ ಮಕ್ಕಳು ಶಾಲೆಯಿಂದಲೇ ಅರಿತ ಹೆಸರುಗಳು, ತೀರ್ಪುಗಳು, ತಿದ್ದುಪಡಿಗಳು ನಮಗೆ ಮೊದಲಿನಿಂದ ಕಲಿಯುವ ಹೊರೆ. ಸಮಾಜ ವಿಜ್ಞಾನದ ಕ್ರೆಡಿಟ್ ಬೇಕಾದರೆ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ ಆರಂಭಿಕ ಹಂತದ ಪರೀಕ್ಷೆಗಳನ್ನು ಆರಿಸಿಕೊಳ್ಳುವುದು ಮೇಲು. ಆರೋಗ್ಯ ಸಂಬಂಧಿ ಪದವಿಗಳು ಇವೆರಡನ್ನೂ ಹೇಗಿದ್ದರೂ ಕೇಳುತ್ತವೆ. ಮಾನವ ಬೆಳವಣಿಗೆ ಮತ್ತು ವಿಕಾಸದ ಪರೀಕ್ಷೆಯೂ ಉಪಯುಕ್ತ. ಮಕ್ಕಳನ್ನು ಬೆಳೆಸಿದವರಿಗೆ ಇದರ ಅರ್ಧ ಭಾಗ ಅನುಭವದಲ್ಲೇ ಇರುತ್ತದೆ, ಉಳಿದರ್ಧಕ್ಕೆ ಪಿಯಾಜೆ, ಎರಿಕ್‌ಸನ್, ವೈಗಾಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರ ಸಿದ್ಧಾಂತಗಳನ್ನು ಕಲಿಯಬೇಕು. ಇಂಗ್ಲಿಷ್ ರಚನೆಯ ಪರೀಕ್ಷೆಯಲ್ಲಿ ಬಹು ಆಯ್ಕೆಯ ಜೊತೆಗೆ ಎರಡು ಪ್ರಬಂಧಗಳಿವೆ. ಎರಡನೆಯದರಲ್ಲಿ ಕೊಟ್ಟಿರುವ ಎರಡು ಆಕರಗಳನ್ನು ಉಲ್ಲೇಖಿಸುತ್ತ ವಾದ ಮಂಡಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಅಂಜಬೇಕಾಗಿಲ್ಲ. ಅಲಂಕಾರದ ಇಂಗ್ಲಿಷಿಗಿಂತ ಕ್ರಮಬದ್ಧವಾದ ವಾದಕ್ಕೆ ಅಲ್ಲಿ ಬೆಲೆ.

ಡಿಎಸ್‌ಎಸ್‌ಟಿ ಮೂಲತಃ ಸೈನಿಕರಿಗಾಗಿ ಹುಟ್ಟಿದ ಪರೀಕ್ಷೆ. ಈಗ ಪ್ರೊಮೆಟ್ರಿಕ್ ಸಂಸ್ಥೆ ನಡೆಸುತ್ತದೆ, ಯಾರು ಬೇಕಾದರೂ ಬರೆಯಬಹುದು. ಶುಲ್ಕ ಕ್ಲೆಪ್‌ಗೆ ಸಮೀಪದ್ದೇ, ಅವಧಿ ಎರಡು ಗಂಟೆ, ಪಾಸಾಗಲು 400 ಅಂಕ. ಒಪ್ಪುವ ಕಾಲೇಜುಗಳು ಕ್ಲೆಪ್‌ಗಿಂತ ಕಡಿಮೆ, ಓದಲು ಸಿಗುವ ಒಳ್ಳೆಯ ಸಾಮಗ್ರಿಯೂ ಕಡಿಮೆ. ಆದರೂ ಇದನ್ನು ಬಿಡುವಂತಿಲ್ಲ, ಕಾರಣ ಸಂಖ್ಯಾಶಾಸ್ತ್ರ. ಆರೋಗ್ಯದ ಬಹುತೇಕ ಪದವಿಗಳಲ್ಲಿ ಸಂಖ್ಯಾಶಾಸ್ತ್ರ ಕಡ್ಡಾಯ, ಕ್ಲೆಪ್‌ನಲ್ಲಿ ಆ ವಿಷಯವೇ ಇಲ್ಲ, ಡಿಎಸ್‌ಎಸ್‌ಟಿಯಲ್ಲಿ ಇದೆ. ಆರೋಗ್ಯ ಮತ್ತು ಮಾನವ ವಿಕಾಸ, ಮಾದಕ ವಸ್ತುಗಳ ದುರ್ಬಳಕೆ ಎಂಬ ವಿಷಯಗಳೂ ಇಲ್ಲಿವೆ. ಎರಡನೆಯದಕ್ಕೆ ಮೇಲ್ಹಂತದ ಕ್ರೆಡಿಟ್ ಎಂಬ ಶಿಫಾರಸು ಇರುವುದು ದೊಡ್ಡ ಅನುಕೂಲ. ಕ್ಲೆಪ್‌ನಿಂದ ಬರುವುದು ಬಹುಪಾಲು ಕೆಳಹಂತದ, ಅಂದರೆ ಮೊದಲೆರಡು ವರ್ಷದ ಮಟ್ಟದ ಕ್ರೆಡಿಟ್. ಪದವಿಗೆ ಮೇಲ್ಹಂತದವೂ ಸಾಕಷ್ಟು ಬೇಕು, ಪರೀಕ್ಷೆಗಳ ಮೂಲಕ ಅವು ಸುಲಭವಾಗಿ ದೊರೆಯುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು: ಡಿಎಸ್‌ಎಸ್‌ಟಿಯ ಜೀವನಾವಧಿ ಮನಶ್ಶಾಸ್ತ್ರ ಮತ್ತು ಕ್ಲೆಪ್‌ನ ಮಾನವ ಬೆಳವಣಿಗೆ ಒಂದೇ ಪಾಠದ ಎರಡು ಹೆಸರುಗಳು. ಎರಡನ್ನೂ ಬರೆದರೆ ಕಾಲೇಜು ಒಂದನ್ನು ಪುನರಾವರ್ತನೆ ಎಂದು ಬದಿಗಿಡುತ್ತದೆ.

ಟಿಸೆಪ್ ಎಂಬುದು ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿರುವ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿಯ ಸ್ವಂತ ಪರೀಕ್ಷೆ. ವೈದ್ಯಕೀಯ ಪರಿಭಾಷೆ ಮತ್ತು ಪೋಷಣ ವಿಜ್ಞಾನ ಇದರ ಪಟ್ಟಿಯಲ್ಲಿ ನಮಗೆ ಬೇಕಾದವು. ಬಿಲ್ಲಿಂಗ್ ಕೆಲಸದಲ್ಲಿ ದಿನವಿಡೀ ರೋಗಗಳ, ಶಸ್ತ್ರಕ್ರಿಯೆಗಳ ಹೆಸರಿನೊಂದಿಗೇ ಇರುವವರಿಗೆ ಪರಿಭಾಷೆಯ ಪರೀಕ್ಷೆ ಬಹುಮಟ್ಟಿಗೆ ನಿತ್ಯದ ಕೆಲಸದ ಮುಂದುವರಿಕೆ.

ಸೋಫಿಯಾ ಬೇರೆ ಜಾತಿಯದು. ತಿಂಗಳಿಗೆ 99 ಡಾಲರ್ ಚಂದಾ, ನಮ್ಮದೇ ವೇಗದ ಕೋರ್ಸುಗಳು, ಸಣ್ಣ ಸಣ್ಣ ಘಟಕ ಪರೀಕ್ಷೆಗಳು. ಇಲ್ಲಿನ ಕೋರ್ಸುಗಳಿಗೆ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಸಂಸ್ಥೆಯ ಕ್ರೆಡಿಟ್ ಶಿಫಾರಸು ಇದೆ; ಕ್ಲೆಪ್ ಮತ್ತು ಡಿಎಸ್‌ಎಸ್‌ಟಿಗೂ ಅದೇ ಸಂಸ್ಥೆಯ ಶಿಫಾರಸು. ಶಿಫಾರಸು ಎಂದರೆ ಆಜ್ಞೆಯಲ್ಲ, ಕೊನೆಯ ಮಾತು ಕಾಲೇಜಿನದು. ಒಂದೇ ಪರೀಕ್ಷೆಯ ಒತ್ತಡ ತಡೆಯಲಾಗದವರಿಗೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ಮಾತ್ರ ಸಿಗುವವರಿಗೆ, ಇದು ಕ್ಲೆಪ್‌ಗಿಂತ ಹೊಂದುತ್ತದೆ. ಕಲಿಕೆಯ ಆಳದ ದೃಷ್ಟಿಯಿಂದ ನನ್ನ ಅಭಿಪ್ರಾಯ ಬೇರೆ: ಕ್ಲೆಪ್‌ಗಾಗಿ ಓದಿದ ಮನಶ್ಶಾಸ್ತ್ರ ನನ್ನಲ್ಲಿ ಉಳಿದಷ್ಟು, ಪುಸ್ತಕ ತೆರೆದಿಟ್ಟು ಘಟಕ ಘಟಕವಾಗಿ ಮುಗಿಸಿದ ಕೋರ್ಸುಗಳು ಉಳಿಯಲಿಲ್ಲ. ಸಾಮಾನ್ಯ ಶಿಕ್ಷಣದ ವಿಷಯಗಳಿಗೆ ಅದು ಅಡ್ಡಿಯಲ್ಲ. ದೇಹರಚನೆಯಂಥ ವಿಷಯಕ್ಕೆ ಅಡ್ಡಿಯಾಗುತ್ತದೆ.

ಅದಕ್ಕಾಗಿಯೇ ಅಂಗರಚನೆ ಮತ್ತು ಶರೀರಕ್ರಿಯೆಯನ್ನು ನಾನು ಕಮ್ಯುನಿಟಿ ಕಾಲೇಜಿನಲ್ಲಿ, ಲ್ಯಾಬ್ ಸಹಿತ, ಎರಡು ಸೆಮಿಸ್ಟರ್‌ಗಳಲ್ಲಿ ಓದಿದೆ. ತಲಾ 4 ಕ್ರೆಡಿಟ್‌ನಂತೆ ಒಟ್ಟು 8. ಇಡೀ ಯೋಜನೆಯಲ್ಲಿ ಕ್ರೆಡಿಟ್‌ವಾರು ಅತ್ಯಂತ ದುಬಾರಿಯಾದದ್ದು ಇದೇ, ಮತ್ತು ಇದೊಂದರಲ್ಲಿ ಉಳಿತಾಯ ಮಾಡಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸೂಕ್ಷ್ಮದರ್ಶಕದ ಕೆಳಗೆ ಅಂಗಾಂಶವನ್ನು ಗುರುತಿಸುವುದು, ಮೂಳೆಯನ್ನು ಕೈಯಲ್ಲಿ ಹಿಡಿದು ಅದರ ಉಬ್ಬು ತಗ್ಗುಗಳಿಗೆ ಹೆಸರಿಡುವುದು ಬಹು ಆಯ್ಕೆಯ ಪರೀಕ್ಷೆಗೆ ಒಗ್ಗುವ ಕೆಲಸಗಳಲ್ಲ. ಕ್ಲೆಪ್‌ನ ಜೀವಶಾಸ್ತ್ರ, ರಸಾಯನಶಾಸ್ತ್ರಗಳಲ್ಲೂ ಲ್ಯಾಬ್ ಇಲ್ಲ. ಲ್ಯಾಬ್ ಕಡ್ಡಾಯವಾಗಿರುವ ಕಡೆ ಆ 6 ಕ್ರೆಡಿಟ್‌ಗಳು ಹೆಚ್ಚುವರಿ ವಿಷಯಗಳ ಸಾಲಿಗೆ ಸೇರಿಹೋಗುತ್ತವೆ. ಇನ್ನೊಂದು ಕಾರಣವೂ ಇದೆ. ಪರೀಕ್ಷೆಯಿಂದ ಬಂದ ಕ್ರೆಡಿಟ್‌ಗೆ ಸಾಮಾನ್ಯವಾಗಿ ಎ, ಬಿ ಎಂಬ ಗ್ರೇಡ್ ಇರುವುದಿಲ್ಲ. ನರ್ಸಿಂಗ್, ಫಿಸಿಯೋಥೆರಪಿ, ಫಿಸಿಷಿಯನ್ ಅಸಿಸ್ಟೆಂಟ್ ವಿಭಾಗಗಳು ವಿಜ್ಞಾನದ ಪೂರ್ವಭಾವಿ ವಿಷಯಗಳಲ್ಲಿ ಗ್ರೇಡನ್ನೇ ನೋಡಿ ಆಯ್ಕೆ ಮಾಡುವುದರಿಂದ, ಗ್ರೇಡಿಲ್ಲದ ಕ್ರೆಡಿಟ್ ಅಲ್ಲಿ ನೆರವಿಗೆ ಬರುವುದು ಕಡಿಮೆ.

ಇಷ್ಟನ್ನೆಲ್ಲ ಒಂದೆಡೆ ಕೂಡಿಸಿ ಪದವಿ ಕೊಡುವ ಕಾಲೇಜು ಯಾವುದು ಎಂಬುದು ಮುಂದಿನ ಪ್ರಶ್ನೆ. ಹೊರಗಿನ ಕ್ರೆಡಿಟ್‌ಗಳನ್ನು ಧಾರಾಳವಾಗಿ ಒಪ್ಪುವುದಕ್ಕೆ ಮೂರು ಹೆಸರುಗಳು ಬಹುಕಾಲದಿಂದ ಪ್ರಸಿದ್ಧ: 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಬಾಹ್ಯ ಪದವಿ ಯೋಜನೆಯಾಗಿ ಆರಂಭವಾಗಿ ಈಗ ವಿಶ್ವವಿದ್ಯಾಲಯವಾಗಿರುವ ಎಕ್ಸೆಲ್ಸಿಯರ್, 1972ರ ಥಾಮಸ್ ಎಡಿಸನ್, 1973ರಲ್ಲಿ ಕನೆಕ್ಟಿಕಟ್‌ನಲ್ಲಿ ಸ್ಥಾಪನೆಯಾದ ಚಾರ್ಟರ್ ಓಕ್. ಕೊನೆಯ ಕ್ಯಾಪ್‌ಸ್ಟೋನ್ ಕೋರ್ಸನ್ನಂತೂ, ಅಂದರೆ ಕಲಿತದ್ದನ್ನೆಲ್ಲ ಒಟ್ಟುಗೂಡಿಸುವ ಕೋರ್ಸನ್ನು, ಮೂರೂ ಕಡೆ ಅಲ್ಲೇ ಓದಬೇಕು. ಆರೋಗ್ಯ ವಿಜ್ಞಾನದ ಸಾಮಾನ್ಯ ಪದವಿ ಸಾಕೆನ್ನುವವರಿಗೆ ಎಕ್ಸೆಲ್ಸಿಯರ್ ಸೂಕ್ತ. ನನಗೆ ಬೇಕಾಗಿದ್ದದ್ದು ಆರೋಗ್ಯ ಮಾಹಿತಿ ನಿರ್ವಾಹಕರಿಗೆ ಕೊಡುವ ಆರ್‌ಎಚ್‌ಐಎ ಪ್ರಮಾಣಪತ್ರದ ಪರೀಕ್ಷೆಗೆ ಅರ್ಹತೆ. ಅದಕ್ಕೆ ಪದವಿಯು, ಈ ಕ್ಷೇತ್ರದ ಪದವಿಗಳನ್ನು ಪರಿಶೀಲಿಸುವ ಕಹೀಮ್ ಸಂಸ್ಥೆಯ ಮಾನ್ಯತೆ ಪಡೆದ ಆರೋಗ್ಯ ಮಾಹಿತಿ ನಿರ್ವಹಣೆಯದೇ ಆಗಿರಬೇಕು. ಆ ಮಾನ್ಯತೆಯುಳ್ಳ ಪದವಿ ಚಾರ್ಟರ್ ಓಕ್‌ನಲ್ಲಿದೆ, ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲೂ ಇದೆ. ಎರಡನೆಯದರಲ್ಲಿ ಆರು ತಿಂಗಳ ಅವಧಿಗೆ ಒಂದೇ ಶುಲ್ಕ, ಆ ಅವಧಿಯಲ್ಲಿ ಎಷ್ಟು ಕೋರ್ಸು ಮುಗಿಸಿದರೂ ಹೆಚ್ಚಿನ ಹಣವಿಲ್ಲ. ವೇಗವಾಗಿ ಓದಬಲ್ಲವರಿಗೆ ಅದು ಲಾಭದಾಯಕ. ಕೆಲಸದ ನಡುವೆ ನಿಧಾನವಾಗಿ ಓದುವ ನನಗೆ ಕ್ರೆಡಿಟ್ ಲೆಕ್ಕದಲ್ಲಿ ಹಣ ಕಟ್ಟುವ ಚಾರ್ಟರ್ ಓಕ್ ಹೊಂದಿತು. ಅಲ್ಲಿಯೂ ಸಾಮಾನ್ಯ ಶಿಕ್ಷಣದ ಭಾಗ ಪರೀಕ್ಷೆಗಳಿಂದ ತುಂಬಿಕೊಂಡಿತೇ ಹೊರತು, ರೋಗ, ಚಿಕಿತ್ಸೆಗಳಿಗೆ ಸಂಕೇತ ಕೊಡುವ ಕೋಡಿಂಗ್, ದಾಖಲೆಗಳ ಕಾನೂನು, ದತ್ತಾಂಶ ವಿಶ್ಲೇಷಣೆಯಂಥ ವೃತ್ತಿ ವಿಷಯಗಳಿಗೆ ಪರೀಕ್ಷೆಯ ಅಡ್ಡದಾರಿ ಇರಲಿಲ್ಲ. ಇರಬಾರದು ಕೂಡ.

ವೀಸಾದ ವಿಚಾರವನ್ನು ನಮ್ಮವರು ಮರೆಯಬಾರದು. ಎಚ್-4ರಲ್ಲಿ, ಅಂದರೆ ಅಲ್ಲಿ ಕೆಲಸಕ್ಕೆ ಬಂದವರ ಅವಲಂಬಿತರ ವೀಸಾದಲ್ಲಿ, ಇರುವವರು ವೀಸಾ ಬದಲಿಸದೆ ಓದಬಹುದು, ಆದ್ದರಿಂದ ಉದ್ಯೋಗಾನುಮತಿಗೆ ಕಾಯುತ್ತಿರುವವರಿಗೆ ಈ ಪರೀಕ್ಷೆಗಳು ಕಾಲವನ್ನು ಸಾರ್ಥಕಗೊಳಿಸುವ ದಾರಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರ ಸ್ಥಿತಿ ಬೇರೆ: ಪ್ರತಿ ಸೆಮಿಸ್ಟರ್ ಪೂರ್ಣಕಾಲಿಕ ದಾಖಲಾತಿ, ಪದವಿ ಮಟ್ಟದಲ್ಲಿ ಸಾಮಾನ್ಯವಾಗಿ 12 ಕ್ರೆಡಿಟ್, ಕಡ್ಡಾಯ. ಪರೀಕ್ಷೆಯಿಂದ ಬಂದ ಕ್ರೆಡಿಟ್ ದಾಖಲಾತಿಯ ಲೆಕ್ಕಕ್ಕೆ ಸೇರುವುದಿಲ್ಲ.

ಪರಿಚಿತ ಕುಟುಂಬದ ಹುಡುಗಿಯೊಬ್ಬಳು ನರ್ಸಿಂಗ್‌ಗೆ ಸೇರುವ ಮುನ್ನ ಇದೇ ಹೋಲಿಕೆಯನ್ನು ಕೇಳಿದಾಗ, ನನ್ನ ಪಟ್ಟಿಯನ್ನು ಅವಳಿಗೆ ಹಾಗೆಯೇ ಕೊಡಲಿಲ್ಲ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷ್ ರಚನೆಗಳನ್ನು ಕ್ಲೆಪ್‌ನಿಂದ, ಅದೂ ತಾನು ಸೇರಲಿರುವ ನರ್ಸಿಂಗ್ ವಿಭಾಗ ಒಪ್ಪುವುದಾಗಿ ಇ-ಮೇಲ್‌ನಲ್ಲಿ ಬರೆದು ಕೊಟ್ಟರೆ ಮಾತ್ರ, ಮುಗಿಸು ಎಂದೆ. ಅಂಗರಚನೆ, ಸೂಕ್ಷ್ಮಜೀವಶಾಸ್ತ್ರ, ರಸಾಯನಶಾಸ್ತ್ರ ಮೂರನ್ನೂ ಲ್ಯಾಬ್ ಇರುವ ತರಗತಿಯಲ್ಲೇ, ಗ್ರೇಡ್ ಸಹಿತ ಓದು ಎಂದೆ. ಸಂಖ್ಯಾಶಾಸ್ತ್ರಕ್ಕೆ ಡಿಎಸ್‌ಎಸ್‌ಟಿಯೋ ತರಗತಿಯೋ ಎಂಬುದನ್ನು ಆ ಇ-ಮೇಲ್‌ನ ಉತ್ತರ ಬಂದ ಮೇಲೆ ನಿರ್ಧರಿಸೋಣವೆಂದು ಸದ್ಯಕ್ಕೆ ತಡೆದಿದ್ದೇವೆ.