ನಾಯಿ ಬೆನ್ನಿಗೆ ಕರೆಂಟ್ ಸೂಜಿ: ಟ್ರೀಟ್‌ಮೆಂಟಿಗೆ ನಾಲ್ಕು ಸ್ಟಾರ್, ಕೌಂಟರಿಗೆ ಒಂದು

ನಮ್ಮನೆ ಡ್ಯಾಶ್‌ಹೌಂಡ್ ಚಿಂಟುಗೆ ಬೆನ್ನಿನ ಡಿಸ್ಕ್ ಜಾರಿ ಹಿಂದಿನ ಎರಡೂ ಕಾಲು ಬಿದ್ದೋಗಿತ್ತು, ಅದಕ್ಕೆ ಎಲೆಕ್ಟ್ರೋಅಕ್ಯುಪಂಕ್ಚರ್, ಅಂದ್ರೆ ಚುಚ್ಚಿದ ಸೂಜಿಗಳಿಗೆ ಸಣ್ಣ ಕರೆಂಟ್ ಕೊಡೋ ಟ್ರೀಟ್‌ಮೆಂಟ್ ಮಾಡಿಸಿದ್ವಿ, ಅದ್ರದ್ದೇ ರಿವ್ಯೂ ಇದು. ಬೆಂಗಳೂರಿನ ಒಂದು ಪ್ರೈವೇಟ್ ಕ್ಲಿನಿಕ್, ಹೆಸರು ಹಾಕಲ್ಲ, ಯಾಕಂದ್ರೆ ಬೈಯೋದೂ ಇದೆ.

ಮೊದ್ಲು ಡಾಕ್ಟರ್ ಮೇಡಂ ಬಗ್ಗೆ. ಸೂಜಿ ಡಬ್ಬಿ ತೆಗೆಯೋಕೆ ಮುಂಚೆನೇ ಡೀಪ್ ಪೇನ್ ಟೆಸ್ಟ್ ಮಾಡಿದ್ರು. ಹಿಂದಿನ ಕಾಲಿನ ಬೆರಳನ್ನ ಫೋರ್ಸೆಪ್ಸಲ್ಲಿ ಹಿಡಿದು ಒತ್ತಿದ್ರು, ಚಿಂಟು ಕಾಲು ಎಳ್ಕೊಂಡ, ನಮ್ಮಮ್ಮ "ಅಯ್ಯೋ ಗೊತ್ತಾಗ್ತಿದೆ ಅವನಿಗೆ" ಅಂದ್ರು, ಮೇಡಂ ಮಾತ್ರ "ಇದು ಬರೀ ರಿಫ್ಲೆಕ್ಸ್ ಅಮ್ಮಾ, ಬೆನ್ನುಹುರಿ ತುಂಡಾಗಿದ್ರೂ ಕಾಲು ಹಿಂಗೇ ಎಳ್ಕೊಳ್ಳುತ್ತೆ, ನೋವು ತಲೆಗೆ ಹೋಗುತ್ತಾ ನೋಡ್ಬೇಕು" ಅಂತ ಇನ್ನೂ ಗಟ್ಟಿ ಒತ್ತಿದ್ರು. ಆಗ ತಿರುಗಿ ಗುರ್ ಅಂದ, ಅಂದ್ರೆ ನೋವು ತಲೆಗೆ ಹೋಗ್ತಿದೆ. ಆ ಗುರ್ ಮೇಲೆನೇ ಮುಂದಿನ ಲೆಕ್ಕ ಎಲ್ಲ ನಿಂತಿರೋದು. ಈ ಟೆಸ್ಟ್ ಮಾಡ್ದೆ ಸೀದಾ ಸೂಜಿ ಹಾಕೋ ಕಡೆ ಹೋಗ್ಲೇಬೇಡಿ.

ಸೆಷನ್ ಅಂದ್ರೆ ಭಯ ಬೀಳೋ ಅಂಥದ್ದೇನಿಲ್ಲ. ಕೂದಲೆಳೆಯಷ್ಟು ಸಣ್ಣ ಸೂಜಿಗಳು, ಡಿಸ್ಕ್ ಜಾರಿರೋ ಜಾಗದ ಹಿಂದೆ ಮುಂದೆ ಬೆನ್ನುಮೂಳೆಯ ಪಕ್ಕದಲ್ಲಿ ಕೆಲವು, ಸೊಂಟದ ಹತ್ರ ಒಂದು, ಮೊಣಕಾಲಿನ ಕೆಳಗೆ ಹೊರಗಡೆ ಇರೋ ಎಸ್‌ಟಿ-36 ಅನ್ನೋ ಪಾಯಿಂಟಲ್ಲಿ ಒಂದೊಂದು. ಅದಕ್ಕೆ ಪುಟ್ಟ ಕ್ಲಿಪ್ ಹಾಕಿ ಮಷೀನ್ ಆನ್ ಮಾಡ್ತಾರೆ. ಕಡಿಮೆ ಫ್ರೀಕ್ವೆನ್ಸಿ ಇದ್ದಾಗ ಸೆಕೆಂಡಿಗೆ ಎರಡು ಸಲ ತೊಡೆ ಸಣ್ಣಗೆ ಪಟ್ ಪಟ್ ಅಂತ ಕುಣಿಯೋದು ಕಣ್ಣಿಗೆ ಕಾಣುತ್ತೆ, ಫ್ರೀಕ್ವೆನ್ಸಿ ಏರಿಸಿದ್ರೆ ಅದು ನಿಂತು ಮಾಂಸ ಬಿಗಿಯಾಗುತ್ತೆ. ಎದುರಿಗೆ ಒಂದು ತಟ್ಟೇಲಿ ಮೊಸರು ಸವರಿ ಇಟ್ಟಿದ್ರು, ನೆಕ್ತಾ ನೆಕ್ತಾ ಅಲ್ಲೇ ನಿದ್ದೆ ಹೋದ.

ಇದೆಲ್ಲ ನಂಬೋ ಅಂಥದ್ದಾ ಅಂತ ಕೇಳೋರಿಗೆ ಹೇಳ್ತೀನಿ, ನಾಯಿಗಳ ಮೇಲೇನೇ ಸ್ಟಡಿ ಆಗಿದೆ. 2007ರಲ್ಲಿ ಬಂದಿದ್ದು 50 ನಾಯಿಗಳದ್ದು, ಔಷಧಿ ಮಾತ್ರ ಕೊಟ್ಟ ಗುಂಪಲ್ಲಿ ಮಧ್ಯಮದಿಂದ ಜಾಸ್ತಿ ಡ್ಯಾಮೇಜ್ ಇದ್ದ ನಾಯಿಗಳು ಮತ್ತೆ ನಡೆಯೋಕೆ ಸರಾಸರಿ 20 ದಿನದ ಮೇಲೆ ತಗೊಂಡ್ವು, ಔಷಧಿ ಜೊತೆ ಕರೆಂಟ್ ಸೂಜಿನೂ ಸಿಕ್ಕಿದ್ವು ಸುಮಾರು 10 ದಿನಕ್ಕೇ ನಡೆದ್ವು. ಆದ್ರೆ ಡೀಪ್ ಪೇನೇ ಹೋಗಿದ್ದ ನಾಯಿಗಳಲ್ಲಿ ನೋವಿನ ಅರಿವು ವಾಪಸ್ ಬಂದಿದ್ದು ಸೂಜಿ ಹಾಕಿದ 6ರಲ್ಲಿ 3ಕ್ಕೆ, ಸೂಜಿ ಇಲ್ಲದ ಗುಂಪಲ್ಲಿ 8ರಲ್ಲಿ 1ಕ್ಕೆ, ಇಷ್ಟು ಕಮ್ಮಿ ನಾಯಿಗಳನ್ನ ಇಟ್ಕೊಂಡು ಗ್ಯಾರಂಟಿ ಹೇಳೋಕಾಗಲ್ಲ. 2010ರಲ್ಲಿ ಬ್ರೆಜಿಲ್‌ನಿಂದ ಇನ್ನೊಂದು ಬಂತು, 40 ನಾಯಿ, ಬರೀ ಆಪರೇಷನ್ ಆದ 10ರಲ್ಲಿ 4 ಸುಧಾರಿಸಿದ್ವು, ಬರೀ ಸೂಜಿಯ 19ರಲ್ಲಿ 15. ಕೇಳೋಕೆ ಭಾರಿ ಚೆನ್ನಾಗಿದೆ, ಆದ್ರೆ ಅವೆಲ್ಲ ಕಾಲು ಬಿದ್ದು ಎರಡು ದಿನ ದಾಟಿದ್ದ ಕೇಸುಗಳು, ಅದೂ ಒಂದಿಷ್ಟು ಹಳೇ ದಾಖಲೆ ತೆಗೆದು ಮಾಡಿದ ಹೋಲಿಕೆ, ಆಪರೇಷನ್ ಬೇಗ ಆಗಿದ್ರೆ ಫಲ ಬೇರೆನೇ ಇರ್ಬೋದಿತ್ತು.

ಒಳಗೆ ಏನಾಗುತ್ತೆ ಅನ್ನೋದು ಹೆಚ್ಚಾಗಿ ಇಲಿಗಳಿಂದ ಗೊತ್ತಾಗಿರೋದು. ಪಾಪ, ಅವುಗಳ ಬೆನ್ನುಹುರಿ ಮೇಲೆ ತೂಕ ಬೀಳ್ಸಿ ಇಲ್ಲಾ ಕತ್ತರಿಸಿ, ಆಮೇಲೆ ಸೂಜಿ ಹಾಕಿ, ನಡಿಗೆಗೆ 0ಯಿಂದ 21ರವರೆಗೆ ಮಾರ್ಕ್ಸ್ ಕೊಡ್ತಾರೆ, ಬಿಬಿಬಿ ಸ್ಕೋರ್ ಅಂತ. ಚೀನಾದ ಗುವಾಂಗ್‌ಝೌದಲ್ಲಿ ಸನ್ ಯಾಟ್-ಸೆನ್ ಯೂನಿವರ್ಸಿಟಿಯೋರು ಬೆನ್ನಿನ ನಡುಗೆರೆ ಪಾಯಿಂಟುಗಳಿಗೆ ಕರೆಂಟ್ ಕೊಟ್ಟು, ಗಾಯದ ಜಾಗದಲ್ಲಿ ಎನ್‌ಟಿ-3 ಅನ್ನೋ ನರ ಪೋಷಿಸೋ ಪ್ರೋಟೀನ್ ಜಾಸ್ತಿಯಾಗುತ್ತೆ ಅಂತ ತೋರ್ಸಿದಾರೆ. ಊತ, ಉರಿ ಕಮ್ಮಿಯಾಗೋದನ್ನೂ ಬೇರೆಯೋರು ನೋಡಿದಾರೆ. ಲ್ಯಾಬಲ್ಲಿ ಅಳತೆ ಮಾಡಿ ಕೊಟ್ಟ ಗಾಯ ಬೇರೆ, ಸೋಫಾದಿಂದ ಧುಮುಕಿದ ಚಿಂಟು ಡಿಸ್ಕ್ ಬೇರೆ, ಅದು ಗ್ಯಾಪಕದಲ್ಲಿ ಇಟ್ಕೊಂಡೇ ಓದ್ಬೇಕು.

ಈಗ ಬೈಗುಳ. ಒಳಗೆ ಮೇಡಂ ಇಷ್ಟು ಜೋಪಾನವಾಗಿ ಮಾತಾಡಿದ್ರೆ ಹೊರಗೆ ಗೋಡೆ ಮೇಲೆ "ಆಪರೇಷನ್ ಬೇಡ, 100% ನಡೆಯುತ್ತೆ" ಅಂತ ಬೋರ್ಡು! ಕೌಂಟರ್ ಹುಡುಗ ಎಂಆರ್‌ಐ ನೋಡೋಕೂ ಮುಂಚೆ ಪೂರ್ತಿ ಪ್ಯಾಕೇಜ್ ದುಡ್ಡು ಕಟ್ಸ್ಕೊಳ್ಳೋಕೆ ನೋಡ್ದ, ರೀಫಂಡ್ ಇಲ್ವಂತೆ. ನಾವು ಒಂದೊಂದಕ್ಕೇ ಕಟ್ಟಿದ್ವಿ, ಮುಖ ಗಂಟು ಹಾಕ್ಕೊಂಡೇ ಬಿಲ್ ಕೊಟ್ಟ. ಇನ್ನೊಂದು, ಹಿಂಗೆ ಬಿದ್ದಿರೋ ನಾಯಿಗೆ ಉಚ್ಚೆ ತಾನಾಗೇ ಹೋಗ್ದೇ ಇರ್ಬೋದು, ಹೊಟ್ಟೆ ಕೆಳಗೆ ಎರಡೂ ಕಡೆ ಅಂಗೈ ಇಟ್ಟು ನಿಧಾನಕ್ಕೆ ಒತ್ತಿ ತೆಗೀಬೇಕು, ಇಲ್ಲಾಂದ್ರೆ ಇನ್ಫೆಕ್ಷನ್ ಆಗುತ್ತೆ. ಇದನ್ನ ಕೌಂಟರಲ್ಲಿ ಯಾರೂ ಹೇಳ್ಲಿಲ್ಲ, ನಾವೇ ಕೇಳಿದ್ಮೇಲೆ ಕಾಂಪೌಂಡರ್ ಅಣ್ಣ ಅಮ್ಮನ ಕೈ ಹಿಡಿದು ತೋರ್ಸಿದ್ರು. ಅವರಿಗೆ ಬೇಕಾದ್ರೆ ಐದು ಸ್ಟಾರ್.

ಚಿಂಟು ಈಗ ನಡೀತಾನೆ, ಹಿಂಭಾಗ ಸ್ವಲ್ಪ ಓಲಾಡುತ್ತೆ, ತಿರುಗುವಾಗ ಬೀಳ್ತಾನೆ. ಎಲ್ಲ ಸೂಜಿದೇ ಮಹಿಮೆ ಅನ್ನಲ್ಲ, ಬೋನಲ್ಲಿಟ್ಟು ರೆಸ್ಟ್ ಕೊಟ್ವಿ, ಮಾತ್ರೆನೂ ನಡೀತಿತ್ತು. ನಿಮ್ಮ ನಾಯಿಗೆ ಡೀಪ್ ಪೇನ್ ಇಲ್ಲ ಅಂದ್ರೆ ಮೊದ್ಲು ಸರ್ಜನ್ ಹತ್ರ ಓಡಿ, ಇದನ್ನ ಆಮೇಲೆ ಜೊತೆಗೆ ಮಾಡಿಸ್ಕೊಳ್ಳಿ. ಅಪಾಯಿಂಟ್‌ಮೆಂಟ್ ಬೆಳಗ್ಗೆ ಮೊದಲನೇದೇ ಕೇಳಿ, ಸಂಜೆ ಹಾಲ್ ತುಂಬ ಬೊಗಳಾಟ, ಸೂಜಿ ಹಾಕಿಸ್ಕೊಂಡು ಸುಮ್ನೆ ಮಲಗೋದು ಯಾವ ನಾಯಿಗೂ ಆಗಲ್ಲ, ಮೊಸರು ಮನೆಯಿಂದಲೇ ತಗೊಂಡ್ ಹೋಗಿ.